ಅದೇ ಲ್ಯಾಪ್‌ಟಾಪ್, ವಿಂಡೋಸ್‌ನಲ್ಲಿ ಒಂದು ಸ್ಕೋರ್, ಉಬುಂಟುವಿನಲ್ಲಿ ಇನ್ನೊಂದು: ಯಾವುದನ್ನು ನಂಬೋದು?

ಬಾತಿಗುಡ್ಡ (ದಾವಣಗೆರೆ) ಕೇಳಿದ ಪ್ರಶ್ನೆ

ಡಿಪ್ಲೊಮಾ ವಿದ್ಯಾರ್ಥಿಗಳ ಲ್ಯಾಬ್‌ಗೆ ಒಂದು ಪ್ರಯೋಗ ಬರೀಬೇಕಿದೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಡ್ಯುಯಲ್ ಬೂಟ್ (ಎರಡು ಆಪರೇಟಿಂಗ್ ಸಿಸ್ಟಮ್, ಅಂದರೆ ಓಎಸ್), ಎರಡೂ ಕಡೆ ಬೆಂಚ್‌ಮಾರ್ಕ್ (ವೇಗ ಅಳೆಯೋ ಪರೀಕ್ಷೆ) ಓಡಿಸಿ ವ್ಯತ್ಯಾಸಕ್ಕೆ ಕಾರಣ ಹೇಳಬೇಕು. ಸ್ಕೋರ್‌ಗಳೇನೋ ಬಂದಿವೆ, ಆದರೆ ಒಂದಕ್ಕೊಂದು ತಾಳೆಯಾಗ್ತಿಲ್ಲ.

ಯಂತ್ರ: ಇಂಟೆಲ್ ಕೋರ್ ಐ5-12450ಎಚ್, 16 ಜಿಬಿ ರ‍್ಯಾಮ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಪಿಸಿಐಇ 3.0, ನಾಲ್ಕು ಲೇನ್), ಇಂಟೆಲ್‌ನದೇ ಗ್ರಾಫಿಕ್ಸ್. ವಿಂಡೋಸ್ 11, ಉಬುಂಟು 22.04.

ಗೀಕ್‌ಬೆಂಚ್ 6: ಸಿಂಗಲ್ ಕೋರ್ ಹೆಚ್ಚುಕಡಿಮೆ ಸಮ, ಮಲ್ಟಿಕೋರ್‌ನಲ್ಲಿ ಉಬುಂಟು ಸ್ವಲ್ಪ ಮುಂದೆ.
7-ಜಿಪ್‌ನ ಒಳಗಿನ ಬೆಂಚ್‌ಮಾರ್ಕ್: ವಿಂಡೋಸ್ ಮುಂದೆ, ಡಿಕಂಪ್ರೆಷನ್‌ನಲ್ಲಂತೂ ಬಹಳ ಮುಂದೆ.
ಡಿಸ್ಕ್ ಓದುವ ವೇಗ: ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಸೆಕೆಂಡಿಗೆ 3,400 ಎಂಬಿ. ಉಬುಂಟುವಿನಲ್ಲಿ 1 ಜಿಬಿ ಫೈಲನ್ನು ಡಿಡಿ ಆದೇಶದಿಂದ ಓದಿಸಿದರೆ 9,000 ದಾಟುತ್ತೆ.
ಜಿಎಲ್‌ಎಕ್ಸ್‌ಗೇರ್ಸ್: ಉಬುಂಟುವಿನಲ್ಲಿ 60 ಎಫ್‌ಪಿಎಸ್, ಅದಕ್ಕಿಂತ ಮೇಲೆ ಏರೋದೇ ಇಲ್ಲ.
ನಾವೇ ಬರೆದ ಸಿ ಪ್ರೋಗ್ರಾಂ (ಮ್ಯಾಟ್ರಿಕ್ಸ್ ಗುಣಾಕಾರ, ಓಪನ್‌ಎಂಪಿ ಬಳಸಿ ಕೆಲಸವನ್ನ 12 ಥ್ರೆಡ್‌ಗೆ ಹಂಚಿದ್ದು): ವಿಂಡೋಸ್‌ನಲ್ಲಿ 4 ಸೆಕೆಂಡ್, ಲಿನಕ್ಸ್‌ನಲ್ಲಿ 43!

ಇದರಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಪಾಲೆಷ್ಟು, ಅಳತೆಯ ತಪ್ಪೆಷ್ಟು? ಹುಡುಗರಿಗೆ ಒಪ್ಪುವಂತೆ ಹೇಳಬೇಕು.

(ಫೋನಿನಿಂದ ಬರೆಯುತ್ತಿರೋದ್ರಿಂದ ಆದೇಶಗಳೂ ಕನ್ನಡದಲ್ಲೇ ಇವೆ. ನೀವೂ ಹಾಗೇ ಬರೆಯಿರಿ, ಟರ್ಮಿನಲ್‌ಗೆ ಹಾಕುವಾಗ ಇಂಗ್ಲಿಷ್ ಸಣ್ಣಕ್ಷರ ಮಾಡ್ಕೋತೀವಿ.)

ಹಳೇಪೇಟೆ_ಹುಡುಗ

ವಿಂಡೋಸ್ ಭಾರ ಸರ್, ಹಿಂದೆ ಏನೇನೋ ಓಡ್ತಾ ಇರುತ್ತೆ. ಲಿನಕ್ಸ್ ಹಗುರ. ಅಷ್ಟೇ.

ಮಂಡಕ್ಕಿ_ಮಿರ್ಚಿ

ಅಷ್ಟೇ ಆಗಿದ್ರೆ 7-ಜಿಪ್‌ನಾಗೆ ವಿಂಡೋಸ್ ಯಾಕೆ ಮುಂದೈತಿ, ತಮ್ಮಾ?

ಸರ್, ಮೊದ್ಲು ಡಿಸ್ಕಿನ ಲೆಕ್ಕ ತೆಗೆದಿಡ್ರಿ. ಪಿಸಿಐಇ 3.0 ನಾಲ್ಕು ಲೇನಿನ ಮೇಲೆ ಸೆಕೆಂಡಿಗೆ ಸುಮಾರು 3,900 ಎಂಬಿಗಿಂತ ಜಾಸ್ತಿ ಹೋಗಾಕೆ ದಾರಿನೇ ಇಲ್ಲ. 9,000 ಬಂದೈತಿ ಅಂದ್ರೆ ಅದು ಎಸ್‌ಎಸ್‌ಡಿಯಿಂದ ಬಂದಿದ್ದಲ್ಲ, ರ‍್ಯಾಮಿಂದ ಬಂದಿದ್ದು. ಲಿನಕ್ಸ್ ಒಂದು ಸಲ ಓದಿದ ಫೈಲನ್ನ ಖಾಲಿ ರ‍್ಯಾಮಿನಾಗೆ ಇಟ್ಕಂಡಿರ್ತೈತಿ, ಅದಕ್ಕೆ ಪೇಜ್ ಕ್ಯಾಶ್ ಅಂತಾರೆ. 16 ಜಿಬಿ ರ‍್ಯಾಮಿಗೆ 1 ಜಿಬಿ ಫೈಲ್ ಯಾವ ಲೆಕ್ಕ? ಎರಡನೇ ಸಲ ಓದಿಸಿದಾಗ ಡಿಸ್ಕ್ ಎದ್ದೇ ಇಲ್ಲ. ವಿಂಡೋಸೂ ಹಂಗೇ ಕ್ಯಾಶ್ ಮಾಡ್ತೈತಿ, ಆದ್ರೆ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಬೇಕಂತಲೇ ಅದನ್ನ ಬದಿಗಿಟ್ಟು ಅಳೀತೈತಿ. ಒಬ್ಬ ಮಂಡಕ್ಕಿನ ಸೇರಿನಾಗೆ ಅಳೆದ, ಇನ್ನೊಬ್ಬ ತಕ್ಕಡಿಗೆ ಹಾಕಿದ, ಆಮೇಲೆ ಇಬ್ಬರೂ ಜಗಳಕ್ಕೆ ನಿಂತ್ರು ಅನ್ನೋ ಹಂಗಾತು.

ಬರೆಯೋದನ್ನ ಡಿಡಿಯಿಂದ ಅಳೆದ್ರೂ ಇದೇ ಕಥೆ. ಕೊನೆಗೆ "ಕಾನ್ವ್=ಎಫ್‌ಡೇಟಾಸಿಂಕ್" ಹಾಕದಿದ್ರೆ ರ‍್ಯಾಮಿಗೆ ಬಿದ್ದ ಕೂಡ್ಲೇ "ಆತು" ಅಂತೈತಿ.

ಎರಡೂ ಕಡೆ ಒಂದೇ ತಕ್ಕಡಿ ಬೇಕಂದ್ರೆ ಎಫ್‌ಐಒ (ಡಿಸ್ಕ್ ವೇಗ ಅಳೆಯೋ ಪ್ರೋಗ್ರಾಂ) ಹಾಕ್ರಿ, ವಿಂಡೋಸಿಗೂ ಸಿಗ್ತೈತಿ. ಹೊಂದಿಕೆ: ಡೈರೆಕ್ಟ್=1 (ಕ್ಯಾಶ್ ಬಿಟ್ಟು ಓದಾಕೆ), ಬ್ಲಾಕ್ 1 ಎಂ (ಸಾಲಾಗಿ ಓದಾಕೆ) ಮತ್ತೆ 4ಕೆ (ಚದುರಿದ ಓದಿಗೆ), ಫೈಲ್ 8 ಜಿಬಿ, ಐಒಡೆಪ್ತ್ 32 (ಒಟ್ಟಿಗೆ ಕಳಿಸೋ ಕೋರಿಕೆಗಳು), ನಮ್‌ಜಾಬ್ಸ್ 1, ಟೈಮ್‌ಬೇಸ್ಡ್ ಮಾಡಿ ರನ್‌ಟೈಮ್ 60 ಸೆಕೆಂಡ್. ಜನ ಎಡವೋದು ಐಒಎಂಜಿನ್ (ಕೋರಿಕೆ ಕಳಿಸೋ ವಿಧಾನ) ಹತ್ರ. ಏನೂ ಹೇಳದಿದ್ರೆ ಲಿನಕ್ಸ್‌ನಾಗೆ ಪಿಸಿಂಕ್ ತಗೋತೈತಿ, ಅದು ಒಂದು ಕೋರಿಕೆ ಮುಗಿಯೋವರೆಗೆ ಇನ್ನೊಂದು ಕಳಿಸಲ್ಲ. ಡೆಪ್ತ್ 32 ಅಂತ ಬರೆದಿದ್ರೂ ನಡೆಯೋದು 1. ವಿಂಡೋಸ್‌ನಾಗೆ ತಾನಾಗೇ ವಿಂಡೋಸ್‌ಎಐಒ ಬರೋದ್ರಿಂದ ಅಲ್ಲಿ 32 ನಿಜವಾಗ್ಲೂ 32. ಲಿನಕ್ಸ್ ಕಡೆ ಲಿಬ್‌ಎಐಒ ಇಲ್ಲಾ ಐಒ_ಯೂರಿಂಗ್ ಅಂತ ಬಾಯಿಬಿಟ್ಟು ಹೇಳ್ರಿ. ವಿಂಡೋಸ್ ಕಡೆ "ಥ್ರೆಡ್" ಆಯ್ಕೆ ಸೇರಿಸ್ರಿ, ಫೈಲಿನ ದಾರಿ ಕೊಡುವಾಗ ಸಿ ಅಕ್ಷರದ ಮುಂದಿನ ಕೋಲನ್‌ಗೆ ಮೊದ್ಲು ಒಂದು ಬ್ಯಾಕ್‌ಸ್ಲಾಷ್ ಬೇಕು.

ಎಂಬಿ (10,00,000 ಬೈಟ್), ಎಂಐಬಿ (10,48,576 ಬೈಟ್) ಕಲಸಬ್ಯಾಡ್ರಿ. ಸೆಕೆಂಡಿಗೆ 3,500 ಎಂಬಿ ಅಂದ್ರೆ 3,338 ಎಂಐಬಿ. ಎಫ್‌ಐಒ ಎರಡನ್ನೂ ತೋರಿಸ್ತೈತಿ, ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ತೋರ್ಸೋದು ಎಂಬಿ. ಸುಮ್ಮನೆ ಶೇ. 5ರ ಹತ್ರ "ವ್ಯತ್ಯಾಸ" ಇಲ್ಲೇ ಹುಟ್ತೈತಿ.

ಇಷ್ಟು ಸರಿ ಮಾಡಿದ ಮೇಲೂ 4ಕೆ ಅಂಕಿ ಬೇರೆ ಬಂದ್ರೆ ಎನ್‌ಕ್ರಿಪ್ಷನ್ ನೋಡ್ರಿ. ವಿಂಡೋಸ್‌ನಾಗೆ ಅಡ್ಮಿನ್ ಆಗಿ "ಮ್ಯಾನೇಜ್-ಬಿಡಿಇ -ಸ್ಟೇಟಸ್" ಕೊಟ್ರೆ ಸಿ ಡ್ರೈವ್ ಬಿಟ್‌ಲಾಕರ್‌ನಾಗೆ ಐತೋ ಇಲ್ಲೋ ಹೇಳ್ತೈತಿ. ಒಂದು ಕಡೆ ಬೀಗ ಹಾಕಿ ಇನ್ನೊಂದು ಕಡೆ ಬಾಗಿಲು ತೆಗೆದಿಟ್ಟು ಓಟದ ಪಂದ್ಯ ನಡೆಸಿದ್ರೆ ಹೆಂಗೆ?

ದುರ್ಗದ_ಬಂಡೆ (ಚಿತ್ರದುರ್ಗ)

ಡಿಸ್ಕ್ ವಿಚಾರ ಮುಗೀತು. 7-ಜಿಪ್ ಇನ್ನೂ ಸುಲಭ: ನೀವು ಹೋಲಿಸಿರೋದು ಎರಡು ಬೇರೆ ಪ್ರೋಗ್ರಾಂಗಳನ್ನ.

ಉಬುಂಟು 22.04ರಲ್ಲಿ ಪಿ7ಜಿಪ್-ಫುಲ್ ಅಂತ ಹಾಕಿದರೆ ಬರೋದು 16.02, ಅಂದರೆ 2016ರ ಕೋಡು. ವಿಂಡೋಸ್‌ಗೆ ನೀವು ತಾಣದಿಂದ ಇಳಿಸಿಕೊಂಡಿರೋದು ಹೊಸದು. ನಡುವೆ 2018ರ ಆವೃತ್ತಿಗಳಲ್ಲಿ 64 ಬಿಟ್‌ನ ಎಲ್‌ಜೆಡ್‌ಎಂಎ (7-ಜಿಪ್ ಬಳಸೋ ಕುಗ್ಗಿಸೋ ವಿಧಾನ) ಡಿಕಂಪ್ರೆಷನ್ನನ್ನ ಗಣನೀಯವಾಗಿ ವೇಗಗೊಳಿಸಿದರು. ನಿಮಗೆ ಡಿಕಂಪ್ರೆಷನ್‌ನಲ್ಲೇ ಅಂತರ ಹೆಚ್ಚು ಕಂಡಿದೆಯಲ್ಲ, ಅದರ ಗುಟ್ಟು ಇದೇ. 7-ಜಿಪ್ ಕರ್ತೃವೇ 2021ರಿಂದ ಲಿನಕ್ಸ್‌ಗೂ ಕೊಡ್ತಿದಾರೆ, ಆದೇಶದ ಹೆಸರು 7ಜೆಡ್‌ಜೆಡ್. ಅಧಿಕೃತ ತಾಣದಿಂದ ಎರಡೂ ಕಡೆಗೆ ಒಂದೇ ಆವೃತ್ತಿ ಸಂಖ್ಯೆ ಇಳಿಸಿ, ಥ್ರೆಡ್ 12, ಡಿಕ್ಷನರಿ 32 ಎಂಬಿ ಅಂತ ಎರಡೂ ಕಡೆ ಒಂದೇ ಇಟ್ಟು ಓಡಿಸಿ.

ಗೀಕ್‌ಬೆಂಚ್‌ನಲ್ಲೂ 5 ಮತ್ತು 6 ಬೆರೆಸಬೇಡಿ. 5ರಲ್ಲಿ 1,000 ಅಂಕ ಅಂದರೆ ಕೋರ್ ಐ3-8100ರ ಮಟ್ಟ, 6ರಲ್ಲಿ 2,500 ಅಂದರೆ ಕೋರ್ ಐ7-12700ರ ಮಟ್ಟ. ಅಳತೆಗೋಲೇ ಬೇರೆ.

ಈಗ ವಿದ್ಯುತ್ತು. ನನ್ನ ಮಟ್ಟಿಗೆ ಲ್ಯಾಪ್‌ಟಾಪ್ ಹೋಲಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಗಳ ಇಲ್ಲಿಂದಲೇ ಬರೋದು, ಓಎಸ್‌ನ ತಲೆಗೆ ಸುಮ್ಮನೆ ಕಟ್ಟುತಾರೆ. 12450ಎಚ್‌ನ ಮೂಲ ಪವರ್ 45 ವಾಟ್, ಟರ್ಬೊದಲ್ಲಿ ಗರಿಷ್ಠ 95 ವಾಟ್. ಆದರೆ ಎಷ್ಟು ವಾಟ್‌ನ್ನ ಎಷ್ಟು ಹೊತ್ತು ಕೊಡಬೇಕು ಅನ್ನೋದನ್ನ ನಿರ್ಧರಿಸೋದು ಲ್ಯಾಪ್‌ಟಾಪ್ ಮಾಡಿದವರು. ವಿಂಡೋಸ್‌ನಲ್ಲಿ ಅವರದೇ ಒಂದು ಸಾಫ್ಟ್‌ವೇರ್ ಕೂತಿರುತ್ತೆ, "ಪರ್ಫಾರ್ಮೆನ್ಸ್ ಮೋಡ್" ಒತ್ತಿದರೆ ಪವರ್ ಮಿತಿ, ಫ್ಯಾನ್ ವೇಗ ಎರಡೂ ಏರುತ್ತೆ. ಉಬುಂಟುವಿಗೆ ಹೋದಾಗ ಆ ಸಾಫ್ಟ್‌ವೇರ್ ಇಲ್ಲ. "/ಸಿಸ್/ಫರ್ಮ್‌ವೇರ್/ಎಸಿಪಿಐ/ಪ್ಲಾಟ್‌ಫಾರ್ಮ್_ಪ್ರೊಫೈಲ್" ಫೈಲ್ ಇದೆಯಾ ನೋಡಿ. ಇದ್ದರೆ ಅದರಲ್ಲಿರೋ ಪದವೇ ಈಗಿನ ಮೋಡ್, ಸೆಟ್ಟಿಂಗ್ಸ್‌ನ ಪವರ್ ಪುಟದಿಂದಲೇ ಬದಲಾಯಿಸಬಹುದು. ಇಲ್ಲದಿದ್ದರೆ ಫರ್ಮ್‌ವೇರ್ ಕೊಟ್ಟಷ್ಟೇ.

ಇನ್ನೊಂದು ಗೊಂದಲ: ಗವರ್ನರ್ (ಸಿಪಿಯು ವೇಗ ಏರಿಳಿಸೋ ನೀತಿ) "ಪವರ್‌ಸೇವ್" ಅಂತ ತೋರಿಸಿದ ಕೂಡಲೇ ಲಿನಕ್ಸ್ ಕುಂಟುತಿದೆ ಅಂದುಕೋಬೇಡಿ. ಇಂಟೆಲ್_ಪಿಸ್ಟೇಟ್ ಡ್ರೈವರ್‌ನ ಪವರ್‌ಸೇವ್ ಅಂದರೆ ಬೇಡಿಕೆಗೆ ತಕ್ಕಂತೆ ವೇಗ ಏರಿಸಿ ಇಳಿಸೋದು. ಹಳೆಯ ಸಿಪಿಯುಫ್ರೀಕ್‌ನ ಪವರ್‌ಸೇವ್ ಥರ ಅತಿ ಕಡಿಮೆ ವೇಗಕ್ಕೆ ಕಟ್ಟಿಹಾಕೋದಲ್ಲ.

ಸ್ಕೋರ್ ಒಂದನ್ನೇ ಬರೆದರೆ ಉಪಯೋಗವಿಲ್ಲ, ಪಕ್ಕದಲ್ಲಿ ವಾಟ್, ಮೆಗಾಹರ್ಟ್ಸ್, ತಾಪ ಬರೀರಿ. ಉಬುಂಟುವಿನಲ್ಲಿ ಸುಡೊ ಹಾಕಿ ಟರ್ಬೊಸ್ಟ್ಯಾಟ್ ಓಡಿಸಿದರೆ ಪಿಕೆಜಿವ್ಯಾಟ್, ಬಿಜಿ_ಎಂಹರ್ಟ್ಸ್, ಪಿಕೆಜಿಟಿಎಂಪಿ ಅನ್ನೋ ಕಾಲಂ ಸಿಗುತ್ತೆ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೊ64 ತೆಗೆದು ಸಿಪಿಯು ಪ್ಯಾಕೇಜ್ ಪವರ್, ಎಫೆಕ್ಟಿವ್ ಕ್ಲಾಕ್ ನೋಡಿ. ಒಂದು ಕಡೆ 60 ವಾಟ್, ಇನ್ನೊಂದು ಕಡೆ 45 ವಾಟ್ ನಿಂತಿದ್ದರೆ ಆ ಹೋಲಿಕೆ ಅಲ್ಲಿಗೇ ಬಿದ್ದುಹೋಯ್ತು.

ನಮ್ಮ ಕಡೆಯ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಿ. ಬೆಳಗ್ಗೆ ಏಳಕ್ಕೆ ವಿಂಡೋಸ್ ಓಡಿಸಿ, ಏಪ್ರಿಲ್ ಮಧ್ಯಾಹ್ನ ಎರಡಕ್ಕೆ ಎಸಿ ಇಲ್ಲದ ಲ್ಯಾಬ್‌ನಲ್ಲಿ ಉಬುಂಟು ಓಡಿಸಿದರೆ ನೀವು ಅಳೆದಿದ್ದು ದಾವಣಗೆರೆಯ ಹವೆಯನ್ನ. ಕರೆಂಟ್ ಕೈಕೊಟ್ಟು ಲ್ಯಾಪ್‌ಟಾಪ್ ಬ್ಯಾಟರಿಗೆ ಹೋದರೆ ಪವರ್ ಮಿತಿ ಇಳಿಯುತ್ತೆ, ಓಡ್ತಿದ್ದ ಟೆಸ್ಟ್ ನಿಲ್ಲಲ್ಲ, ಸ್ಕೋರ್ ಮಾತ್ರ ಕೆಳಗೆ ಬರುತ್ತೆ. ಆ ಸಾಲನ್ನ ಹೊಡೆದು ಹಾಕಿ. ಓಡಿಸೋ ಕ್ರಮ ವಿಂಡೋಸ್, ಉಬುಂಟು, ಉಬುಂಟು, ವಿಂಡೋಸ್ ಅಂತಿರಲಿ. ಬೂಟ್ ಆದ ಮೇಲೆ ಹತ್ತು ನಿಮಿಷ ಬಿಟ್ಟು, ಐದು ಸಲ ಓಡಿಸಿ, ಮೊದಲನೇದನ್ನ ಬಿಟ್ಟು ಉಳಿದ ನಾಲ್ಕರ ಮಧ್ಯಾಂಕ. ಒಂದೇ ಓಎಸ್‌ನ ಓಟಗಳ ನಡುವೆಯೇ ಶೇ. 3 ಏರುಪೇರಿದ್ದರೆ, ಎರಡು ಓಎಸ್ ನಡುವಿನ ಶೇ. 2ರ ಅಂತರಕ್ಕೆ ಕಾರಣ ಹುಡುಕೋ ಕೆಲಸವೇ ಇಲ್ಲ.

ಜಿಎಲ್‌ಎಕ್ಸ್‌ಗೇರ್ಸ್ ಬೆಂಚ್‌ಮಾರ್ಕ್ ಅಲ್ಲವೇ ಅಲ್ಲ. 60 ಅನ್ನೋದು ನಿಮ್ಮ ಪರದೆಯ ರಿಫ್ರೆಶ್ ದರ, ವಿಸಿಂಕ್ (ಚಿತ್ರದ ವೇಗವನ್ನ ಪರದೆಯ ದರಕ್ಕೆ ಹೊಂದಿಸೋದು) ಅಲ್ಲೇ ತಡೀತಿದೆ. ಗ್ರಾಫಿಕ್ಸ್ ಬೇಕೇ ಬೇಕಂದರೆ ಯೂನಿಜಿನ್ ಸೂಪರ್‌ಪೊಸಿಷನ್ ಹಾಕಿ, ವಿಂಡೋಸ್‌ನಲ್ಲೂ ಡೈರೆಕ್ಟ್‌ಎಕ್ಸ್ ಬಿಟ್ಟು ಓಪನ್‌ಜಿಎಲ್ ಆರಿಸಿ. ಆಗಲೂ ನೀವು ಹೋಲಿಸ್ತಿರೋದು ಇಂಟೆಲ್‌ನ ವಿಂಡೋಸ್ ಡ್ರೈವರನ್ನ ಲಿನಕ್ಸ್‌ನ ಮೆಸಾ ಡ್ರೈವರ್ ಜೊತೆ.

ಕುಂದವಾಡ_ಕೆರೆ

ಇದೆಲ್ಲ ಸರಿ ಮಾಡಿದ ಮೇಲೆ ಉಳಿಯೋದು ಓಎಸ್‌ನ ನಿಜವಾದ ಪಾಲು. ಅದು ಸಣ್ಣದು, ಆದರೆ ಇದೆ.

ಮೊದಲನೇದು ಮೆಮೊರಿ ಪುಟಗಳು. ಮಾಮೂಲಿ ಪುಟ 4 ಕೆಬಿ. ಒಂದು ಪ್ರೋಗ್ರಾಂ 1 ಜಿಬಿ ಬಳಸಿದರೆ 2,62,144 ಪುಟ. ಅದನ್ನೇ 2 ಎಂಬಿ ಪುಟಗಳಲ್ಲಿ ಕೊಟ್ಟರೆ ಬರೀ 512. ಪುಟಗಳ ವಿಳಾಸ ಹುಡುಕೋ ಟಿಎಲ್‌ಬಿ (ಸಿಪಿಯು ಒಳಗಿನ ಪಟ್ಟಿ) ತುಂಬಾ ಚಿಕ್ಕದು, ಪುಟ ಕಡಿಮೆಯಾದಷ್ಟೂ ಅದು ತಪ್ಪುವ ಸರದಿ ಕಡಿಮೆ. ಲಿನಕ್ಸ್ ಇದನ್ನ ತಾನಾಗಿಯೇ ಮಾಡಬಲ್ಲದು, ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್ ಅಂತ. ಉಬುಂಟುವಿನಲ್ಲಿ ಅದು "ಎಂಅಡ್ವೈಸ್"ನಲ್ಲಿರುತ್ತೆ, ಅಂದರೆ ಪ್ರೋಗ್ರಾಂ ಕೇಳಿದರೆ ಮಾತ್ರ. "ಆಲ್ವೇಸ್" ಮಾಡಿ ಮತ್ತೊಮ್ಮೆ 7-ಜಿಪ್ ಓಡಿಸಿ ನೋಡಿ, ಹುಡುಗರಿಗೆ ಒಳ್ಳೆ ಪ್ರಯೋಗ. ವಿಂಡೋಸ್‌ನಲ್ಲಿ ದೊಡ್ಡ ಪುಟ ಬೇಕಂದರೆ ಬಳಕೆದಾರನಿಗೆ "ಲಾಕ್ ಪೇಜಸ್ ಇನ್ ಮೆಮೊರಿ" ಹಕ್ಕು ಕೊಡಬೇಕು, ಪ್ರೋಗ್ರಾಮೂ ಕೇಳಬೇಕು.

ಎರಡನೇದು ಹೈಬ್ರಿಡ್ ಕೋರ್. ನಿಮ್ಮ ಚಿಪ್‌ನಲ್ಲಿ 4 ಪಿ-ಕೋರ್ (ವೇಗದವು, 8 ಥ್ರೆಡ್), 4 ಇ-ಕೋರ್ (ವಿದ್ಯುತ್ ಉಳಿಸೋವು, 4 ಥ್ರೆಡ್), ಒಟ್ಟು 12 ಥ್ರೆಡ್. ಯಾವ ಕೆಲಸ ಯಾವ ಕೋರ್‌ಗೆ ಅನ್ನೋದು ಷೆಡ್ಯೂಲರ್ ಕೈಲಿದೆ. ವಿಂಡೋಸ್ 11 ಇಂಟೆಲ್‌ನ ಥ್ರೆಡ್ ಡೈರೆಕ್ಟರ್ ಸುಳಿವನ್ನ ಬಳಸುತ್ತೆ. ಅದೇ ಜಾಣತನ ಒಮ್ಮೊಮ್ಮೆ ತಿರುಗುಬಾಣ: ಬೆಂಚ್‌ಮಾರ್ಕ್ ಕಿಟಕಿಯನ್ನ ಮಿನಿಮೈಸ್ ಮಾಡಿದರೆ "ಇದು ಹಿನ್ನೆಲೆ ಕೆಲಸ" ಅಂತ ಇ-ಕೋರ್‌ಗೆ ತಳ್ಳಬಹುದು. ಓಡುವಾಗ ಕಿಟಕಿ ಮುಂದೆಯೇ ಇರಲಿ. ಉಬುಂಟು 22.04 ಹೊರಬಂದಾಗ ಕರ್ನಲ್ (ಓಎಸ್‌ನ ತಿರುಳು) 5.15, ಆಮೇಲಿನ ಎಚ್‌ಡಬ್ಲ್ಯುಇ (ಹೊಸ ಹಾರ್ಡ್‌ವೇರ್‌ಗಾಗಿ ಕೊಡೋ) ಕರ್ನಲ್ 6.8. 6.6ರಲ್ಲಿ ಷೆಡ್ಯೂಲರೇ ಸಿಎಫ್‌ಎಸ್‌ನಿಂದ ಇಇವಿಡಿಎಫ್‌ಗೆ ಬದಲಾಯ್ತು. ಹಾಗಾಗಿ "ಉಬುಂಟು 22.04" ಅಂತ ಬರೆದರೆ ಸಾಲದು, "ಯುನೇಮ್ -ಆರ್" ಕೊಟ್ಟದ್ದನ್ನೂ ಬರೀಬೇಕು.

ಷೆಡ್ಯೂಲರ್ ಪಾಲನ್ನೇ ತೆಗೆದುಹಾಕಿ ಅಳೆಯಬೇಕಂದರೆ ಬರೀ ಪಿ-ಕೋರ್‌ಗೆ ಕಟ್ಟಿ. ಲಿನಕ್ಸ್‌ನಲ್ಲಿ "/ಸಿಸ್/ಡಿವೈಸಸ್/ಸಿಪಿಯು_ಕೋರ್/ಸಿಪಿಯುಸ್" ಫೈಲ್ 0-7 ಅಂತ ತೋರಿಸಬೇಕು, "ಟಾಸ್ಕ್‌ಸೆಟ್ -ಸಿ 0-7" ಹಾಕಿ ಓಡಿಸಿ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಸ್ಟಾರ್ಟ್ /ಅಫಿನಿಟಿ ಎಫ್‌ಎಫ್". ಥ್ರೆಡ್ ಸಂಖ್ಯೆಯನ್ನೂ 8ಕ್ಕೆ ಇಳಿಸೋದು ಮರೀಬೇಡಿ.

ಮೂರನೇದು ಭದ್ರತೆ. ವಿಂಡೋಸ್ 11 ಹೊಸದಾಗಿ ಹಾಕಿದ ಯಂತ್ರಗಳಲ್ಲಿ ಮೆಮೊರಿ ಇಂಟೆಗ್ರಿಟಿ ಸಾಮಾನ್ಯವಾಗಿ ಆನ್ ಇರುತ್ತೆ, ಅಂದರೆ ವಿಂಡೋಸ್ ಒಂದು ಹೈಪರ್‌ವೈಸರ್ (ಓಎಸ್‌ಗೂ ಕೆಳಗಿನ ಪದರ) ಮೇಲೆ ಕೂತಿರುತ್ತೆ. ಎಂಎಸ್‌ಇನ್ಫೊ32 ತೆಗೆದರೆ ಕೆಳಗಡೆ "ವರ್ಚುವಲೈಸೇಷನ್-ಬೇಸ್ಡ್ ಸೆಕ್ಯುರಿಟಿ" ಸಾಲಿದೆ. 12ನೇ ಪೀಳಿಗೆಯಲ್ಲಿ ಇದಕ್ಕೆ ಹಾರ್ಡ್‌ವೇರ್ ನೆರವು ಇರೋದರಿಂದ ನಷ್ಟ ಕಡಿಮೆ. ಇಂಟೆಲ್ 7ನೇ ಪೀಳಿಗೆಗಿಂತ ಹಳೆಯ ಚಿಪ್‌ಗಳಿಗೆ ಆ ನೆರವಿಲ್ಲ, ಅಲ್ಲಿ ಪೆಟ್ಟು ದೊಡ್ಡದು. ಲಿನಕ್ಸ್ ಕಡೆ ಎಲ್‌ಎಸ್‌ಸಿಪಿಯು ಕೊಟ್ಟರೆ ಕೊನೆಗೆ ಸ್ಪೆಕ್ಟರ್ ಮುಂತಾದ ಸಿಪಿಯು ಭದ್ರತಾ ದೋಷಗಳ ಪಟ್ಟಿ, ಯಾವುದಕ್ಕೆ ಯಾವ ತಡೆ ಆನ್ ಇದೆ ಅಂತ ಬರುತ್ತೆ. 2018ರ ಜನವರಿಯಲ್ಲಿ ಸ್ಪೆಕ್ಟರ್ ಬಯಲಾದ ಮೇಲೆ ಎರಡೂ ಓಎಸ್ ತಂತಮ್ಮ ರೀತಿಯಲ್ಲಿ ತಡೆ ಕಟ್ಟಿವೆ, ಕರ್ನಲ್‌ಗೆ ಪದೇ ಪದೇ ಹೋಗಿ ಬರೋ ಕೆಲಸಕ್ಕೆ ಅದರ ಭಾರ ಬೀಳುತ್ತೆ. "ಮಿಟಿಗೇಷನ್ಸ್=ಆಫ್" ಹಾಕಿ ಸ್ಕೋರ್ ಏರಿಸೋ ವಿಡಿಯೊಗಳಿವೆ. ಯುಪಿಐ, ಬ್ಯಾಂಕು ಬಳಸೋ ಯಂತ್ರದಲ್ಲಿ ಅದು ಬೇಡವೇ ಬೇಡ.

ನಾಲ್ಕನೇದು ಚಿಕ್ಕ ಫೈಲುಗಳು, ಹೊಸ ಪ್ರೋಸೆಸ್‌ಗಳು. ಸಾವಿರಾರು ಫೈಲ್ ತೆರೆದು ಮುಚ್ಚೋ ಕೆಲಸ, ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡೋದು, ಗಿಟ್, ಇಲ್ಲಿ ಲಿನಕ್ಸ್ ಎದ್ದು ಕಾಣುವಷ್ಟು ಮುಂದೆ. ವಿಂಡೋಸ್‌ನಲ್ಲಿ ಪ್ರೋಸೆಸ್ ಹುಟ್ಟಿಸೋದು ದುಬಾರಿ, ಪ್ರತಿ ಫೈಲ್ ತೆರೆದಾಗಲೂ ಡಿಫೆಂಡರ್ (ವಿಂಡೋಸ್‌ನ ವೈರಸ್ ತಡೆ) ಇಣುಕುತ್ತೆ. ಹಳೇಪೇಟೆ ಹುಡುಗ ಹೇಳಿದ "ಭಾರ" ಇಲ್ಲಿ ನಿಜ. ಗಣಿತದ ಲೂಪ್‌ನಲ್ಲಿ ಅಲ್ಲ.

ಬಾತಿಗುಡ್ಡ

ಎಲ್ಲರಿಗೂ ಧನ್ಯವಾದ. 7-ಜಿಪ್ ಎರಡೂ ಕಡೆ ಒಂದೇ ಆವೃತ್ತಿ ಹಾಕಿದ್ದಕ್ಕೆ ಡಿಕಂಪ್ರೆಷನ್ ಅಂತರ ಬಹುತೇಕ ಮುಚ್ಚಿಹೋಯ್ತು. ಪ್ಲಾಟ್‌ಫಾರ್ಮ್ ಪ್ರೊಫೈಲ್ "ಬ್ಯಾಲೆನ್ಸ್ಡ್" ಇತ್ತು, ವಿಂಡೋಸ್‌ನಲ್ಲಿ ಪರ್ಫಾರ್ಮೆನ್ಸ್. ಒಂದೇ ಮಾಡ್ತೀವಿ. ಸಿ ಪ್ರೋಗ್ರಾಂನ 43 ಸೆಕೆಂಡ್ ಮಾತ್ರ ಇನ್ನೂ ಹಾಗೇ ಇದೆ. ಸಮಯ ಅಳೆಯೋಕೆ ಕ್ಲಾಕ್() ಬಳಸಿದೀವಿ. ವಿಂಡೋಸ್‌ನಲ್ಲಿ ವಿಷುವಲ್ ಸ್ಟುಡಿಯೊ, ಲಿನಕ್ಸ್‌ನಲ್ಲಿ ಜಿಸಿಸಿ.

ದುರ್ಗದ_ಬಂಡೆ (ಚಿತ್ರದುರ್ಗ)

ಸಿಕ್ಕಿಬಿತ್ತು. ಒಂದೇ ಹೆಸರಿನ ಕ್ಲಾಕ್() ಎರಡು ಕಡೆ ಎರಡು ಬೇರೆ ವಸ್ತು ಅಳೆಯುತ್ತೆ. ಲಿನಕ್ಸ್‌ನಲ್ಲಿ ಅದು ಕೊಡೋದು ಸಿಪಿಯು ಸಮಯ, ಅಂದರೆ ಎಲ್ಲಾ ಥ್ರೆಡ್‌ಗಳು ದುಡಿದ ಹೊತ್ತನ್ನ ಕೂಡಿಸಿದ ಮೊತ್ತ. ಮೈಕ್ರೋಸಾಫ್ಟ್‌ನ ಲೈಬ್ರರಿಯಲ್ಲಿ ಅದು ಪ್ರೋಗ್ರಾಂ ಶುರುವಾದಾಗಿನಿಂದ ಗೋಡೆ ಗಡಿಯಾರದಲ್ಲಿ ಕಳೆದ ಹೊತ್ತು. ಹನ್ನೆರಡು ಆಳು ಒಂದು ಗಂಟೆ ಕಳೆ ಕಿತ್ತರೆ ಒಬ್ಬ "ಹನ್ನೆರಡು ಗಂಟೆ ಕೆಲಸ" ಅಂತಾನೆ, ಇನ್ನೊಬ್ಬ "ಒಂದು ಗಂಟೆ" ಅಂತಾನೆ. 43ನ್ನ 12ರಿಂದ ಭಾಗಿಸಿ, ಸುಮಾರು 3.6. ನಿಮ್ಮ ಲಿನಕ್ಸ್ ಪ್ರೋಗ್ರಾಂ ನಿಧಾನವಾಗಿಲ್ಲ.

ಓಪನ್‌ಎಂಪಿ ಇರೋದರಿಂದ ಎರಡೂ ಕಡೆ ಓಎಂಪಿ_ಗೆಟ್_ಡಬ್ಲ್ಯುಟೈಮ್() ಹಾಕಿ, ಮುಗೀತು. ವಿಂಡೋಸ್‌ನ ಗೆಟ್‌ಟಿಕ್‌ಕೌಂಟ್ ಕಡೆ ಹೋಗಬೇಡಿ, ಅದರ ಹೆಜ್ಜೆಯೇ ಸುಮಾರು 15.6 ಮಿಲಿಸೆಕೆಂಡ್, ಸಣ್ಣ ಲೂಪ್ ಅದರೊಳಗೆ ಕಾಣೆಯಾಗುತ್ತೆ.

ಕುಂದವಾಡ_ಕೆರೆ

ಇನ್ನೂ ಮೂರು ಮಾತು ಸೇರಿಸ್ತೀನಿ, ಕೋಡ್ ತಿದ್ದುವಾಗಲೇ ನೋಡಿಬಿಡಿ.

ವಿಷುವಲ್ ಸ್ಟುಡಿಯೊ ಮೇಲ್ಗಡೆ "ಡೀಬಗ್" ಅಂತಿದ್ದರೆ "ರಿಲೀಸ್" ಮಾಡಿ. ಜಿಸಿಸಿಗೆ "-ಒ2" (ಇಲ್ಲಿ ಒ ಮಾತ್ರ ಇಂಗ್ಲಿಷ್ ದೊಡ್ಡಕ್ಷರ) ಕೊಡದಿದ್ದರೆ ಅದು ಏನನ್ನೂ ಆಪ್ಟಿಮೈಸ್ ಮಾಡಲ್ಲ. ಕಂಪೈಲರ್ ಪಾಲನ್ನೂ ತೆಗೀಬೇಕಂದರೆ ಎರಡೂ ಕಡೆ ಕ್ಲ್ಯಾಂಗ್‌ನ ಒಂದೇ ಆವೃತ್ತಿ. ಆಗಲೂ ಪೂರ್ತಿ ಒಂದೇ ಮಷಿನ್ ಕೋಡ್ ಬರಲ್ಲ: ಫಂಕ್ಷನ್ ಕರೆಯುವಾಗ ವಿಂಡೋಸ್ ಮೊದಲ 4 ಆರ್ಗ್ಯುಮೆಂಟ್‌ಗಳನ್ನ ಮಾತ್ರ ರಿಜಿಸ್ಟರ್‌ನಲ್ಲಿ ಕಳಿಸುತ್ತೆ, ಲಿನಕ್ಸ್‌ನಲ್ಲಿ 6 ಪೂರ್ಣಾಂಕಗಳಿಗೆ ಜಾಗವಿದೆ.

ಕೋಡ್‌ನಲ್ಲಿ ಲಾಂಗ್ ಬಳಸಿದ್ದರೆ ತೆಗೀರಿ. 64 ಬಿಟ್ ವಿಂಡೋಸ್‌ನಲ್ಲಿ ಲಾಂಗ್ 32 ಬಿಟ್, ಲಿನಕ್ಸ್‌ನಲ್ಲಿ 64. ಒಂದೇ ಸಾಲು ಎರಡು ಕಡೆ ಬೇರೆ ಅಳತೆಯ ಲೆಕ್ಕ ಮಾಡ್ತಿರುತ್ತೆ, ದೊಡ್ಡ ಮೊತ್ತ ಬಂದರೆ ವಿಂಡೋಸ್‌ನಲ್ಲಿ ಉತ್ತರವೇ ತಪ್ಪಬಹುದು. ಇಂಟ್64_ಟಿ ಅಂತ ಬರೀರಿ.

ಕೊನೇದು, ಲೂಪನ್ನ 12 ಥ್ರೆಡ್‌ಗೆ ಸಮಪಾಲು ಹಂಚಿದ್ದರೆ ಪಿ-ಕೋರ್‌ಗಳು ಬೇಗ ಮುಗಿಸಿ ಇ-ಕೋರ್‌ಗಳಿಗಾಗಿ ಕಾಯ್ತಾ ಕೂರುತ್ತವೆ, ಒಟ್ಟು ಸಮಯ ಅತಿ ನಿಧಾನದ ಕೋರ್‌ನದ್ದು. ಓಪನ್‌ಎಂಪಿ ಸಾಲಿಗೆ "ಷೆಡ್ಯೂಲ್(ಡೈನಾಮಿಕ್, 16)" ಸೇರಿಸಿ ಎರಡೂ ಕಡೆ ಮತ್ತೆ ಓಡಿಸಿ, ಅಂಕಿ ಇಲ್ಲೇ ಹಾಕಿ.

ಮಂಡಕ್ಕಿ_ಮಿರ್ಚಿ

ಅಂಕಿ ಹಾಕುವಾಗ ಕೋಣೆಯ ತಾಪಾನೂ ಹಾಕ್ರಿ ಸರ್.